ದಪ್ಪ ಜಾಕೆಟ್ ಹಾಕಿದರೂ ಸವಾರಿಯಲ್ಲಿ ಚಳಿ ಯಾಕೆ?

ಓದುಗರ ಪ್ರಶ್ನೆ: ಕುದುರೆ ಸವಾರಿ ಕಲಿಯಲು ಶುರು ಮಾಡಿ ಒಂದೂವರೆ ವರ್ಷವಾಯಿತು. ವಾರಕ್ಕೆ ನಾಲ್ಕು ದಿನ, ಹೆಚ್ಚಾಗಿ ಬೆಳಗಿನ ಜಾವ, ಸವಾರಿ ಮಾಡುತ್ತೇನೆ. ಕಳೆದ ಚಳಿಗಾಲಕ್ಕೆಂದು ಒಳಗೆ ಹಕ್ಕಿಯ ಮೃದುಗರಿ ತುಂಬಿದ ದಪ್ಪ ಜಾಕೆಟ್ ಕೊಂಡೆ. ಹತ್ತು ನಿಮಿಷ ಸವಾರಿ ಮಾಡುವಷ್ಟರಲ್ಲಿ ಬೆವರಿ ಮುದ್ದೆಯಾಗುತ್ತೇನೆ. ಕೊನೆಯಲ್ಲಿ ಕುದುರೆಯನ್ನು ನಿಧಾನಕ್ಕೆ ನಡೆಸುವಾಗ ಹಲ್ಲು ಕಟಕಟ ಎನ್ನುವಷ್ಟು ಚಳಿ ಹತ್ತುತ್ತದೆ. ಮಳೆಗೆಂದು ತಂದ ಜಾಕೆಟ್ ಸರಬರ ಸದ್ದು ಮಾಡುತ್ತದೆ. ಮೊದಲ ದಿನವೇ ಕುದುರೆ ಬೆದರಿ ಪಕ್ಕಕ್ಕೆ ಹಾರಿತು, ಬೀಳದೆ ಉಳಿದದ್ದೇ ಪುಣ್ಯ. ಬೇಸಿಗೆಯಲ್ಲಿ ಟೀ ಶರ್ಟ್ ಸಾಕು ಎನ್ನುತ್ತಾರೆ ಕೆಲವರು. ಬೈಕ್ ಜಾಕೆಟ್ ಒಂದಿದ್ದರೆ ಎಲ್ಲಾ ಕಾಲಕ್ಕೂ ಆಯಿತು, ಬಿದ್ದರೂ ಪೆಟ್ಟಾಗುವುದಿಲ್ಲ ಎನ್ನುತ್ತಾರೆ ಸ್ನೇಹಿತರೊಬ್ಬರು. ಬಿದ್ದಾಗ ಎದೆ, ಬೆನ್ನು ಕಾಯುವ ಕವಚ, ಅಂದರೆ ಬಾಡಿ ಪ್ರೊಟೆಕ್ಟರನ್ನು ಜಾಕೆಟ್ಟಿನ ಒಳಗೆ ಹಾಕಬೇಕೋ ಹೊರಗೋ ಎನ್ನುವುದೂ ಗೊತ್ತಾಗುತ್ತಿಲ್ಲ. ಕಾಲಕ್ಕೊಂದು ಜಾಕೆಟ್ ಕೊಳ್ಳಲೇಬೇಕೇ?

ಉತ್ತರ: ಎರಡು ಜಾಕೆಟ್ಟಿಗೆ ದುಡ್ಡು ಸುರಿದ ಮೇಲೂ ಒಂದರಲ್ಲಿ ನಡುಗಿದಿರಿ, ಇನ್ನೊಂದರಲ್ಲಿ ಬೀಳುವ ಹಂತಕ್ಕೆ ಹೋದಿರಿ. ಹಾಗಾಗಿ ಮೂರನೆಯದನ್ನು ಕೊಳ್ಳುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಕಲಿಸುವ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಒಂದು ಮಾತು ಖಚಿತವಾಗಿದೆ: ಹೊಸ ಸವಾರರು ಜಾಕೆಟ್ ಆರಿಸುವುದು ಲಾಯದ ಬಾಗಿಲಲ್ಲಿ ನಿಂತಾಗಿನ ಚಳಿಗೆ. ಆರಿಸಬೇಕಾದದ್ದು ಹದಿನೈದನೆಯ ನಿಮಿಷದ ಬೆವರಿಗೆ. ನಿಮ್ಮ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಇದರಲ್ಲೇ ಇದೆ.

ಯಾಕೆ ಎಂದು ನೋಡೋಣ. ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು 1 ಎಂದಿಟ್ಟುಕೊಳ್ಳಿ. ಕುದುರೆ ನಡೆಯುತ್ತಿರುವಾಗ ಸವಾರನಿಗೆ ಅದು ಹೆಚ್ಚುಕಡಿಮೆ 4 ಆಗುತ್ತದೆ. ಟ್ರಾಟ್‌ನಲ್ಲಿ, ಅಂದರೆ ಕುದುರೆ ಕುಲುಕುತ್ತಾ ಸಾಗುವ ಮಧ್ಯಮ ಓಟದಲ್ಲಿ, 6ರ ಹತ್ತಿರ ಬರುತ್ತದೆ, ಅದಕ್ಕಿಂತ ವೇಗದ ಓಟವಾದ ಕ್ಯಾಂಟರ್‌ನಲ್ಲಿ 7 ದಾಟುತ್ತದೆ. ಅಂದರೆ ಮೆಲ್ಲಗೆ ಓಡುವವರಷ್ಟೇ ದುಡಿಮೆ. ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬರೀ ಶಾಖವಾಗಿ ಹೋಗುತ್ತದೆ. ಗರಿ ತುಂಬಿದ ಜಾಕೆಟ್ಟಿನ ಕೆಲಸವೇ ಆ ಶಾಖವನ್ನು ಹೊರಗೆ ಬಿಡದಿರುವುದು. ಶಾಖಕ್ಕೆ ದಾರಿ ಇಲ್ಲದಾಗ ದೇಹ ಬೆವರು ಸುರಿಸುತ್ತದೆ, ಬೆವರಿಗೂ ದಾರಿ ಇಲ್ಲದಾಗ ಅದು ಒಳಗಿನ ಬಟ್ಟೆಯಲ್ಲೇ ನಿಲ್ಲುತ್ತದೆ. ನೀವು ಕುದುರೆಯನ್ನು ನಡಿಗೆಗೆ ಇಳಿಸಿದ ಕೂಡಲೇ ಮೈಯ ಒಲೆ ಆರುತ್ತದೆ, ಒದ್ದೆ ಬಟ್ಟೆ ಮಾತ್ರ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖ ಸೆಳೆಯುತ್ತದೆ. ಗರಿಯೂ ಒದ್ದೆಯಾದರೆ ಮುದುಡಿ ಗಂಟುಗಂಟಾಗುತ್ತದೆ. ನಡುವೆ ಹಿಡಿದಿಟ್ಟಿದ್ದ ಗಾಳಿಯೂ ಹೋಗುತ್ತದೆ, ಬೆಚ್ಚಗೆ ಇಡುತ್ತಿದ್ದದ್ದು ಆ ಗಾಳಿಯೇ.

ಇದಕ್ಕೆ ಗಾಳಿಯ ಏಟು ಸೇರಿಸಿಕೊಳ್ಳಿ. ಟ್ರಾಟ್‌ನಲ್ಲಿ ಕುದುರೆ ಗಂಟೆಗೆ 13–15 ಕಿ.ಮೀ. ವೇಗದಲ್ಲಿರುತ್ತದೆ, ಕ್ಯಾಂಟರ್ 20ರ ಆಚೀಚೆ. ಹೊರಗೆ ಎಲೆ ಅಲುಗದಿದ್ದರೂ ನಿಮ್ಮ ಎದೆಗೆ ಅಷ್ಟು ಗಾಳಿ ಬಡಿಯುತ್ತಿರುತ್ತದೆ. 5 ಡಿಗ್ರಿ ಸೆಲ್ಸಿಯಸ್ ಇರುವ ಬೆಳಿಗ್ಗೆ ಗಂಟೆಗೆ 20 ಕಿ.ಮೀ. ಗಾಳಿ ಮುಖಕ್ಕೆ ಬಡಿದರೆ ಚರ್ಮಕ್ಕೆ ಅದು 1 ಡಿಗ್ರಿಯಂತೆ ತಟ್ಟುತ್ತದೆ. ಹೀಗಾಗಿ ಸವಾರನ ಮುಂಭಾಗಕ್ಕೆ ಗಾಳಿ ತಡೆ ಬೇಕು, ಬೆನ್ನಿಗೆ ಮತ್ತು ಕಂಕುಳಿಗೆ ಬೆವರು ಹೊರಹೋಗುವ ದಾರಿ ಬೇಕು. ಮಾಮೂಲಿ ಚಳಿ ಜಾಕೆಟ್ಟಿನಲ್ಲಿ ಎಲ್ಲಾ ಕಡೆ ಒಂದೇ ದಪ್ಪ. ಅದನ್ನು ನಿಂತವರಿಗೆಂದು ಹೊಲಿದಿರುತ್ತಾರೆ.

ಆ ಗರಿ ಜಾಕೆಟ್ಟನ್ನು ಮಾರಲು ಹೋಗಬೇಡಿ. ಕುದುರೆಗೆ ಮಾಲೀಸು ಮಾಡುವಾಗ, ಬೇಲಿಯ ಪಕ್ಕ ನಿಂತು ಬೇರೆಯವರ ಪಾಠ ನೋಡುವಾಗ, ಎಲ್ಲಕ್ಕಿಂತ ಹೆಚ್ಚಾಗಿ ಸವಾರಿ ಮುಗಿಸಿ ಕೆಳಗಿಳಿದ ಮೇಲೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಅಂಗಳದ ಬೇಲಿಗೆ ಅದನ್ನು ನೇತುಹಾಕಿ ಸವಾರಿಗೆ ಹೋಗಿ, ಇಳಿದ ಕೂಡಲೇ ಹಾಕಿಕೊಳ್ಳಿ. ಜೀನು ಬಿಚ್ಚಿ, ಕುದುರೆಯ ಬೆನ್ನು ಒರೆಸಿ, ಕೈಯಲ್ಲಿ ಹಿಡಿದು ನಡೆಸುವ ಆ ಅರ್ಧ ಗಂಟೆಯಲ್ಲೇ ಸವಾರರು ಹೆಚ್ಚಾಗಿ ಚಳಿ ಹತ್ತಿಸಿಕೊಳ್ಳುವುದು.

ಸವಾರಿಗೆ ಪದರ ಪದರವಾಗಿ ತೊಡುವುದೇ ದಾರಿ. ಮೈಗೆ ಅಂಟುವ ಬಟ್ಟೆ ಬೆವರನ್ನು ಹೊರಕ್ಕೆ ದಾಟಿಸುವಂಥದ್ದಾಗಿರಲಿ, ಅಂದರೆ ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್. ಮೆರಿನೋ ಉಣ್ಣೆ ತನ್ನ ತೂಕದ ಹೆಚ್ಚುಕಡಿಮೆ ಮೂರನೇ ಒಂದು ಪಾಲು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನ್ನಿಸುವುದಿಲ್ಲ, ಬೇಗ ವಾಸನೆಯೂ ಹಿಡಿಯುವುದಿಲ್ಲ. ಹತ್ತಿ ಬನಿಯನ್ ಮಾತ್ರ ಚಳಿಯಲ್ಲಿ ಬೇಡ. ಹೀರಿದ ನೀರನ್ನು ಅದು ಬಿಡುವುದೇ ಇಲ್ಲ. ಎರಡನೆಯ ಪದರ ತೆಳು ಫ್ಲೀಸ್ (ಜುಂಗು ಜುಂಗಾದ ಕೃತಕ ನಾರಿನ ಬಟ್ಟೆ), ಇಲ್ಲವೇ ಚದರ ಮೀಟರಿಗೆ 60–80 ಗ್ರಾಂ ಕೃತಕ ನಾರು ತುಂಬಿದ್ದು. ಕೃತಕ ನಾರು ಒದ್ದೆಯಾದರೂ ಗರಿಯಷ್ಟು ಮುದುಡುವುದಿಲ್ಲ. ಫ್ಲೀಸ್‌ಗೆ ಲಾಯದಲ್ಲಿ ಒಂದೇ ತೊಂದರೆ: ಕುದುರೆ ಕೂದಲು, ಹುಲ್ಲಿನ ಎಸಳು, ಮರದ ಹೊಟ್ಟು ಎಲ್ಲವೂ ಅದಕ್ಕೆ ಅಂಟಿಕೊಂಡು ಕೂರುತ್ತವೆ. ಹೊರಗಿನ ಮೈ ನುಣುಪಾಗಿರುವುದನ್ನು ನೋಡಿ ತೆಗೆದುಕೊಳ್ಳಿ. ಮೂರನೆಯ ಪದರ ಗಾಳಿ ತಡೆಯುವಂಥದ್ದು. ಅಂಗಡಿಗಳಲ್ಲಿ ಸಾಫ್ಟ್‌ಶೆಲ್ ಎಂದು ಕೇಳಿದರೆ ಕೊಡುತ್ತಾರೆ. ಎಳೆದರೆ ಹಿಗ್ಗುತ್ತದೆ, ಸದ್ದು ಮಾಡುವುದಿಲ್ಲ, ತುಂತುರು ಮಳೆಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಒಂದೇ ಒಂದು ಸವಾರಿ ಜಾಕೆಟ್ ಕೊಳ್ಳುವಷ್ಟು ಮಾತ್ರ ಕೈಯಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ.

10ರಿಂದ 20 ಡಿಗ್ರಿಯ ನಡುವೆ ಒಳ ಅಂಗಿಯ ಮೇಲೆ ಸಾಫ್ಟ್‌ಶೆಲ್ ಒಂದೇ ಸಾಕು. ತೋಳಿಲ್ಲದ ಜಾಕೆಟ್ ಆದರೂ ನಡೆಯುತ್ತದೆ. ಎದೆ ಬೆಚ್ಚಗಿದ್ದು ತೋಳು ಹಗುರವಾಗಿದ್ದರೆ ಲಗಾಮಿನ ಮೇಲಿನ ಕೈ ಎಷ್ಟು ಸಲೀಸು ಎನ್ನುವುದನ್ನು ಒಮ್ಮೆ ಹಾಕಿ ನೋಡಿದರೆ ಬಿಡಲು ಮನಸ್ಸಾಗುವುದಿಲ್ಲ. 0–10 ಡಿಗ್ರಿಗೆ ನಡುವೆ ಫ್ಲೀಸ್ ಸೇರಿಸಿ. ಅದಕ್ಕೂ ಕೆಳಗಿಳಿದರೆ ನಡುವಿನ ಪದರ ದಪ್ಪವಾಗಲಿ, ಜೊತೆಗೆ ಕುತ್ತಿಗೆಗೆ ಒಂದು ಕೊಳವೆ ಬಟ್ಟೆ, ತೋಳಿನ ತುದಿಯನ್ನು ಮುಚ್ಚುವ ಕೈಗವಸು. ಕುದುರೆ ಹತ್ತುವಾಗ ಸ್ವಲ್ಪ ಚಳಿ ಎನ್ನಿಸಬೇಕು. ಆಗಲೇ ಹಿತವೆನ್ನಿಸಿದರೆ ಒಂದು ಪದರ ಹೆಚ್ಚಾಗಿದೆ ಎಂದರ್ಥ.

ಹೆಚ್ಚಾಗಿದ್ದನ್ನು ಎಲ್ಲಿ ತೆಗೆಯಬೇಕು ಎನ್ನುವುದನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ನನ್ನ ಬಳಿ ಕಲಿಯುತ್ತಿದ್ದ ಒಬ್ಬರು ಒಂದು ಬೆಳಿಗ್ಗೆ ಸೆಕೆ ತಾಳಲಾರದೆ ಕುದುರೆಯ ಮೇಲೇ ಕೂತು ಜಾಕೆಟ್ ಬಿಚ್ಚತೊಡಗಿದರು. ಕುದುರೆ ಶಾಂತವಾಗಿ ನಿಂತಿತ್ತು. ಲಗಾಮನ್ನು ಕತ್ತಿನ ಮೇಲೆ ಬಿಟ್ಟು, ಎರಡೂ ತೋಳನ್ನು ಹಿಂದಕ್ಕೆ ಎಳೆದರು. ಕೈಗವಸು ಬಿಚ್ಚಿರಲಿಲ್ಲ, ತೋಳಿನ ತುದಿ ಮಣಿಕಟ್ಟಿನಲ್ಲಿ ಸಿಕ್ಕಿಕೊಂಡಿತು. ಜಾಕೆಟ್ ಮೊಣಕೈಯಿಂದ ಕೆಳಗೆ ಒಳಮಗ್ಗುಲಾಗಿ ಬೆನ್ನ ಹಿಂದೆ ಜೋತುಬಿತ್ತು, ಕೈಗಳನ್ನು ಹಿಂದಕ್ಕೆ ಕಟ್ಟಿಹಾಕಿದ ಹಾಗೆ. ಅದರ ಅಂಚು ಕುದುರೆಯ ಪೃಷ್ಠಕ್ಕೆ ತಾಗಿತು. ಅದು ಮುಂದಕ್ಕೆ ನೆಗೆದ ಮೂರನೆಯ ಹೆಜ್ಜೆಗೆ ಅವರು ಭುಜದ ಮೇಲೆ ಬಿದ್ದರು. ಕೈಯೂರಲೂ ಕೈ ಇರಲಿಲ್ಲ. ಕೊರಳೆಲುಬು ಮುರಿಯಿತು. ನಾನು ಹತ್ತು ಅಡಿ ದೂರದಲ್ಲಿದ್ದೆ, ಬೇಡ ಎಂದು ಕೂಗುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಅಂದಿನಿಂದ ನನ್ನ ಅಂಗಳದಲ್ಲಿ ಜಾಕೆಟ್ ಹಾಕುವುದಾಗಲಿ ತೆಗೆಯುವುದಾಗಲಿ ಎರಡೂ ಕಾಲು ನೆಲದ ಮೇಲಿದ್ದಾಗ ಮಾತ್ರ. ಹತ್ತಿ ಇಳಿಯುವುದಕ್ಕೆ ಎರಡು ನಿಮಿಷ ಹೋಗಲಿ ಬಿಡಿ. ಮೇಲೆ ಕೂತಾಗ ಸೆಕೆ ತಡೆಯಲು ಜಿಪ್ ಇಳಿಸಿದರೆ ಸಾಕು. ಹೀಗಾಗಿಯೇ ಸವಾರಿ ಜಾಕೆಟ್ಟಿನಲ್ಲಿ ಕೈಗವಸು ಹಾಕಿಕೊಂಡೂ ಒಂದೇ ಕೈಯಲ್ಲಿ ಎಳೆಯಬಹುದಾದ ಜಿಪ್ ಇರಬೇಕು. ಕಂಕುಳಲ್ಲಿ ಜಿಪ್ ಇದ್ದರೆ ಇನ್ನೂ ಒಳ್ಳೆಯದು.

ಇನ್ನು ಮಳೆ. ಇಲ್ಲಿ ಜನರನ್ನು ದಾರಿ ತಪ್ಪಿಸುವುದು ಜಾಕೆಟ್ಟಿನ ಚೀಟಿಯ ಮೇಲಿನ ಅಂಕಿಗಳು. 5,000 ಮಿ.ಮೀ., 10,000 ಮಿ.ಮೀ., 20,000 ಮಿ.ಮೀ. ಎಂದೆಲ್ಲಾ ಬರೆದಿರುತ್ತದೆ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿದರೆ ಎಷ್ಟು ಎತ್ತರದವರೆಗೆ ಅದು ಜಿನುಗದೆ ತಡೆಯುತ್ತದೆ ಎನ್ನುವ ಲೆಕ್ಕ ಅದು. 10,000 ಎಂದರೆ 10 ಮೀಟರ್ ನೀರು. ಆಕಾಶದಿಂದ ಬೀಳುವ ಹನಿಗೆ ಅಷ್ಟು ಒತ್ತಡ ಇರುವುದಿಲ್ಲ. ಒತ್ತಡ ಹುಟ್ಟುವುದು ನಾವು ಒತ್ತುವ ಕಡೆ: ಒದ್ದೆ ಜೀನಿನ ಮೇಲೆ ಕೂತ ಜಾಗ, ಮಡಿಚಿದ ಮೊಣಕೈ, ಬಾಡಿ ಪ್ರೊಟೆಕ್ಟರ್ ಪಟ್ಟಿಯ ಅಡಿ. ತುಂತುರಿಗೆ 5,000 ಸಾಕು. ಮಳೆಯಲ್ಲಿ ಗಂಟೆಗಟ್ಟಲೆ ಹೊರಗೆ ಹೋಗುವವರಿಗೆ 10,000 ಇರಲಿ. ಅದಕ್ಕೂ ಮೇಲಿನ ಅಂಕಿಗೆ ದುಡ್ಡು ಕೊಡುವ ಮೊದಲು ಹೊಲಿಗೆ ನೋಡಿ. ಸೂಜಿ ಚುಚ್ಚಿದಲ್ಲೆಲ್ಲಾ ತೂತು ಇರುತ್ತದೆ. ಒಳಗಡೆ ಹೊಲಿಗೆಯ ಉದ್ದಕ್ಕೂ ಪಟ್ಟಿ ಅಂಟಿಸಿರಬೇಕು. ಭುಜದ ಹೊಲಿಗೆಗೆ ಪಟ್ಟಿ ಇಲ್ಲದಿದ್ದರೆ ಮೇಲಿನ ಅಂಕಿ ಎಷ್ಟಿದ್ದರೇನು?

ಎರಡನೆಯ ತಪ್ಪು ಕಲ್ಪನೆ, ಉಸಿರಾಡುವ ಬಟ್ಟೆ ಎಂದರೆ ಬೆವರೇ ಬರುವುದಿಲ್ಲ ಎನ್ನುವುದು. ಅಂಥ ಬಟ್ಟೆಯಲ್ಲಿ ಆವಿ ಹೊರಗೆ ಹೋಗುವುದು ಒಳಗೆ ಆವಿ ಹೆಚ್ಚು, ಹೊರಗೆ ಕಡಿಮೆ ಇದ್ದಾಗ. ಬೆಚ್ಚಗಿನ ಮಳೆಯಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುತ್ತದೆ. ಆಗ ಎಷ್ಟು ಬೆಲೆಯ ಬಟ್ಟೆಯಾದರೂ ತಕ್ಕಮಟ್ಟಿಗೆ ಸೋಲುತ್ತದೆ. ಇನ್ನೊಂದು ಕಾರಣವೂ ಇದೆ. ಹೊಸ ಜಾಕೆಟ್ಟಿನ ಮೇಲ್ಮೈಗೆ ನೀರು ಜಾರುವ ಲೇಪ ಇರುತ್ತದೆ, ಹನಿಗಳು ಕೆಸುವಿನ ಎಲೆಯ ಮೇಲಿನ ಹಾಗೆ ಉಂಡೆಯಾಗಿ ಉರುಳುತ್ತವೆ. ಧೂಳು, ಕುದುರೆಯ ಬೆವರಿನ ಉಪ್ಪು, ಸಾಬೂನಿನ ಉಳಿಕೆ ಸೇರಿ ಆ ಲೇಪ ಮಂಕಾದಾಗ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ. ಒಳಗಿನ ಪೊರೆ ಇನ್ನೂ ನೀರು ತಡೆಯುತ್ತಿದ್ದರೂ ಆವಿ ಹೋಗುವ ದಾರಿ ಮುಚ್ಚಿರುತ್ತದೆ. ನೀವು ನಿಮ್ಮ ಬೆವರಿನಲ್ಲೇ ನೆನೆದು, ಜಾಕೆಟ್ ಸೋರುತ್ತಿದೆ ಎಂದುಕೊಳ್ಳುತ್ತೀರಿ. ಭುಜದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಉರುಳಿದರೆ ಸರಿ. ಹರಡಿ ಕಪ್ಪಗೆ ಇಂಗಿದರೆ, ಇಂಥ ಬಟ್ಟೆಗೆಂದೇ ಇರುವ ದ್ರವದಲ್ಲಿ ತೊಳೆದು, ಚೀಟಿಯಲ್ಲಿ ಒಪ್ಪಿಗೆ ಇದ್ದರೆ ಡ್ರೈಯರಿನಲ್ಲಿ ಸಣ್ಣ ಉರಿಗೆ ಒಣಗಿಸಿ. ಲೇಪ ಬಹುಮಟ್ಟಿಗೆ ಮತ್ತೆ ಚುರುಕಾಗುತ್ತದೆ. ಆಗದಿದ್ದರೆ ಸಿಂಪಡಿಸುವ ಲೇಪ ಸಿಗುತ್ತದೆ. ಬಟ್ಟೆ ಮೃದು ಮಾಡುವ ಕಂಡೀಷನರ್ ಮಾತ್ರ ಹತ್ತಿರ ತರಬೇಡಿ, ನೀರು ಜಾರುವ ಗುಣವನ್ನೇ ಅದು ಕೊಂದುಹಾಕುತ್ತದೆ.

ಮೇಣ ಹಚ್ಚಿದ ಹತ್ತಿಯ ಜಾಕೆಟ್ಟುಗಳೂ ಇವೆ, ಹಳಬರಿಗೆ ಬಲು ಪ್ರೀತಿ. ಹಡಗಿನವರು ಹಾಯಿಬಟ್ಟೆಗೆ ಎಣ್ಣೆ ಹಚ್ಚಿ ತೊಡುತ್ತಿದ್ದ ಕಾಲದಿಂದ ಬಂದ ಉಪಾಯ ಅದು. ಸದ್ದು ಕಡಿಮೆ, ಮುಳ್ಳು ಗೀರಿದರೂ ಹರಿಯುವುದಿಲ್ಲ, ದಶಕಗಟ್ಟಲೆ ಬಾಳುತ್ತದೆ. ಆದರೆ ತೂಕ ಹೆಚ್ಚು, ಬೆವರು ಹೊರಹೋಗುವುದು ಅಷ್ಟಕ್ಕಷ್ಟೆ. ಮಷೀನಿಗೆ ಹಾಕುವಂತಿಲ್ಲ, ತಣ್ಣೀರಲ್ಲಿ ಸ್ಪಂಜಿನಿಂದ ಒರೆಸಬೇಕು. ವರ್ಷಕ್ಕೊಮ್ಮೆಯಾದರೂ ಮತ್ತೆ ಮೇಣ ಹಚ್ಚಬೇಕು. ತಿಳಿ ಬಣ್ಣದ ಚರ್ಮದ ಜೀನಿಗೆ ಕಲೆ ಮಾಡುತ್ತದೆ. ಕಾಡುದಾರಿಯಲ್ಲಿ ನಿಧಾನಕ್ಕೆ ದೂರ ಹೋಗುವವರಿಗೆ ಒಪ್ಪುತ್ತದೆ. ಅಂಗಳದಲ್ಲಿ ಟ್ರಾಟ್, ಕ್ಯಾಂಟರ್ ಕಲಿಯುತ್ತಿರುವ ನಿಮಗೆ ನಾನು ಹೇಳುವುದಿಲ್ಲ. ಮೊಣಕಾಲು ದಾಟುವ ಉದ್ದನೆಯ ಸವಾರಿ ಕೋಟಿಗೂ ಇದೇ ಮಾತು. ತೊಡೆ, ಜೀನು ಎರಡನ್ನೂ ಮಳೆಯಿಂದ ಕಾಯುತ್ತದೆ ನಿಜ. ಹಿಂದೆ ಸೀಳು, ಕಾಲಿಗೆ ಕಟ್ಟುವ ಪಟ್ಟಿ ಇಲ್ಲದಿದ್ದರೆ ಗಾಳಿ ಬೀಸಿದಾಗ ಪಟಪಟ ಬಡಿದುಕೊಳ್ಳುತ್ತದೆ. ಇಳಿಯುವ ಮೊದಲು ಆ ಪಟ್ಟಿ ಬಿಚ್ಚುವುದನ್ನು ಮರೆಯುವಂತಿಲ್ಲ.

ನಿಮ್ಮ ಕುದುರೆ ಬೆದರಿದ ಸಂಗತಿಗೆ ಬರುತ್ತೇನೆ. ಅದನ್ನು ಬೈಯಬೇಡಿ. ಮನುಷ್ಯರ ಕಿವಿಗೆ 20 ಕಿಲೋಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ಕುದುರೆಗೆ 33ರವರೆಗೂ ಕೇಳುತ್ತದೆ. ನಮಗೆ ಬರೀ ಸರಬರ ಎನ್ನಿಸುವ ಪ್ಲಾಸ್ಟಿಕ್ ಸದ್ದು ಅದಕ್ಕೆ ಇನ್ನೂ ಹರಿತ. ಜೊತೆಗೆ ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಸುತ್ತಲಿನ 350 ಡಿಗ್ರಿಯಷ್ಟು ನೋಟ ಅದಕ್ಕೆ ಸಿಗುತ್ತದೆ. ನಿಮ್ಮ ಸೊಂಟದ ಹಿಂದೆ ಹಾರಾಡುವ ಅಂಚು ನಿಮಗೆ ಕಾಣದಿದ್ದರೂ ಅದಕ್ಕೆ ಕಾಣುತ್ತದೆ. ಬೇಟೆಗೆ ಸಿಗುವ ಪ್ರಾಣಿ, ಬೆನ್ನ ಮೇಲೆ ಗೊತ್ತಿಲ್ಲದ್ದೇನೋ ಅಲುಗಾಡಿ ಸದ್ದು ಮಾಡಿದರೆ ಓಡದೆ ಇನ್ನೇನು ಮಾಡೀತು? ವೆಲ್‌ಕ್ರೋ ಪರ್ರೆಂದು ಕಿತ್ತುಬರುವ ಸದ್ದಿಗೂ ಹೀಗೇ ಆಗುತ್ತದೆ. ಜೇಬಿಗೆ, ಕಾಲರಿಗೆ ವೆಲ್‌ಕ್ರೋ ಬದಲು ಜಿಪ್ ಅಥವಾ ಒತ್ತುಗುಂಡಿ ಇರುವುದನ್ನೇ ಆರಿಸಿ. ಬಣ್ಣಕ್ಕೆ ಕುದುರೆ ಹೆದರುತ್ತದೆ ಎನ್ನುವ ಮಾತನ್ನು ಮಾತ್ರ ನಂಬಬೇಡಿ. ಅದು ನೀಲಿ ಮತ್ತು ಹಳದಿಯ ಸುತ್ತಲಿನ ಬಣ್ಣಗಳನ್ನು ಬೇರೆಬೇರೆಯಾಗಿ ಕಾಣುತ್ತದೆ. ಕೆಂಪು ಹಸಿರು ಅದಕ್ಕೆ ಒಂದರಲ್ಲೊಂದು ಕಲಸಿಹೋಗುತ್ತವೆ. ಕೆಂಪು ಜಾಕೆಟ್ ಕಂಡು ಕೆರಳುವ ಕುದುರೆ ಇಲ್ಲ.

ತಲೆಟೋಪಿ ಇರುವ ಜಾಕೆಟ್ ಆದರೆ ಅದು ಕಳಚುವಂತಿರಬೇಕು. ಟೋಪಿ ಹಾಕಿ ಅದರ ಮೇಲೆ ಹೆಲ್ಮೆಟ್ ಇಟ್ಟರೆ ಹೆಲ್ಮೆಟ್ ತಲೆಗೆ ಹೊಂದಿ ಕೂರುವುದಿಲ್ಲ, ಬಿದ್ದಾಗ ಜಾರುತ್ತದೆ. ಹೆಲ್ಮೆಟ್ ಮೇಲೆ ಎಳೆದುಕೊಂಡರೆ ಪಕ್ಕದ ನೋಟ ಹೋಗುತ್ತದೆ, ಕಿವಿಯೂ ಮಂದವಾಗುತ್ತದೆ. ಹೆಲ್ಮೆಟ್ಟಿಗೆ ಪ್ರತ್ಯೇಕ ಮಳೆ ಹೊದಿಕೆ ಸಿಗುತ್ತದೆ, ಅದು ಸಾಕು.

ಬೇಸಿಗೆಗೆ ಟೀ ಶರ್ಟ್ ಸಾಕು ಎನ್ನುವವರು ಅರ್ಧ ಸರಿ. ಜಾಕೆಟ್ ಬೇಡ, ಆದರೆ ಉದ್ದ ತೋಳು ಬೇಕು. ತೆರೆದ ಅಂಗಳದಲ್ಲಿ ಒಂದೂವರೆ ಗಂಟೆ ಬಿಸಿಲು ಬೀಳುವುದು ಮುಂದೋಳಿನ ಮೇಲೆ, ಕತ್ತಿನ ಹಿಂಬದಿಗೆ. ಯುಪಿಎಫ್ 50 ಎಂದು ಬರೆದ ಬಟ್ಟೆ ಅತಿನೇರಳೆ ಕಿರಣಗಳಲ್ಲಿ ಐವತ್ತರಲ್ಲಿ ಒಂದು ಪಾಲನ್ನು ಮಾತ್ರ ಒಳಬಿಡುತ್ತದೆ. ತೆಳು ಬಿಳಿ ಹತ್ತಿ ಅಂಗಿಯ ತಡೆ ಅದರ ಹತ್ತಿರಕ್ಕೂ ಬರುವುದಿಲ್ಲ, ಬೆವರಿನಲ್ಲಿ ಒದ್ದೆಯಾದರೆ ಇನ್ನೂ ಕಡಿಮೆ. ಕೊಂಬೆ ಗೀರುವುದು, ನೊಣ ಕಚ್ಚುವುದು, ಬಿದ್ದಾಗ ಮೊಣಕೈ ತರಚುವುದು, ಇವಕ್ಕೂ ಉದ್ದ ತೋಳೇ ಮೇಲು. ಕಂಕುಳಲ್ಲಿ ಜಾಲರಿ ಇರುವ ತಿಳಿ ಬಣ್ಣದ ಅಂಗಿ ನೋಡಿ. ಮುಂದೆ ಸ್ಪರ್ಧೆಗೆ ಹೋದರೆ ಅಲ್ಲಿಯ ಕಪ್ಪು, ಕಡುನೀಲಿ ಕೋಟುಗಳೂ ಈಗ ಹಿಗ್ಗುವ ಜಾಲರಿ ಬಟ್ಟೆಯಲ್ಲಿ ಸಿಗುತ್ತವೆ. ವಿಪರೀತ ಸೆಕೆಯ ದಿನ ತೀರ್ಪುಗಾರರು ಕೋಟಿಲ್ಲದೆ ಸವಾರಿಗೆ ಬಿಡುವುದುಂಟು. ಬಿಟ್ಟರೆ ಸಂಕೋಚಪಡದೆ ತೆಗೆದಿಡಿ. ತಲೆ ತಿರುಗಿ, ವಾಕರಿಕೆ ಬಂದು, ಮೈ ಚುಮುಚುಮು ಎಂದರೆ ಇಳಿದು ನೆರಳಿಗೆ ಹೋಗಬೇಕು, ಸುತ್ತು ಮುಗಿಸುವ ಹಟ ಬೇಡ.

ಬೈಕ್ ಜಾಕೆಟ್ಟಿನ ಸಲಹೆ ಕೊಟ್ಟ ಸ್ನೇಹಿತರ ಕಾಳಜಿ ನಿಜವಾದದ್ದೇ, ವಸ್ತು ಬೇರೆ. ರಸ್ತೆಯ ಮೇಲೆ ಉಜ್ಜಿಕೊಂಡು ಜಾರುವಾಗ ಚರ್ಮ ಉಳಿಸಲು ಮಾಡಿದ್ದು ಅದು. ಕುದುರೆಯಿಂದ ಬಿದ್ದರೆ ಜಾರುವುದು ಕಡಿಮೆ, ಎತ್ತರದಿಂದ ಧೊಪ್ಪೆಂದು ಬೀಳುವುದು ಹೆಚ್ಚು, ಮೇಲೆ ಗೊರಸಿನ ಏಟಿನ ಭಯ ಬೇರೆ. ಇದಕ್ಕೆಂದೇ ಬಾಡಿ ಪ್ರೊಟೆಕ್ಟರುಗಳಿಗೆ ಇಎನ್ 13158 ಎಂಬ ಯುರೋಪಿನ ಮಾನದಂಡ ಇದೆ. ಅದರಲ್ಲಿ ಮೂರು ಹಂತ. ಸಾಮಾನ್ಯ ಸವಾರಿಗೂ ಜಿಗಿತಕ್ಕೂ ಮೂರನೆಯ ಹಂತದ್ದನ್ನು ನೋಡಿ. ಬೈಕ್ ಜಾಕೆಟ್ಟಿನ ಬಿರುಸು ತೋಳು ಲಗಾಮಿನ ಸೂಕ್ಷ್ಮವನ್ನೂ ಕಿತ್ತುಕೊಳ್ಳುತ್ತದೆ. ಮೊಣಕೈ ಮಡಿಚಿದ ಕೂಡಲೇ ಬಟ್ಟೆ ಹಿಂದಕ್ಕೆ ನೂಕುತ್ತದೆ, ಕುದುರೆಯ ಬಾಯಿಗೆ ಅದು ಅನಾವಶ್ಯಕ ಎಳೆತ. ಚಾರಣದ ಜಾಕೆಟ್ ಇದ್ದರೆ ಮಾತ್ರ ಧಾರಾಳವಾಗಿ ಬಳಸಿ, ಕೆಳಗೆ ಹೇಳುವ ಕುರ್ಚಿ ಪರೀಕ್ಷೆಯಲ್ಲಿ ಪಾಸಾದರೆ.

ಬಾಡಿ ಪ್ರೊಟೆಕ್ಟರ್ ಒಳಗೋ ಹೊರಗೋ? ಫೋಮಿನದ್ದಾದರೆ ತೆಳು ಬಟ್ಟೆಯ ಮೇಲೆ ಹಾಕಿ, ಅದರ ಮೇಲೆ ಸಡಿಲವಾದ ಜಾಕೆಟ್. ಮೈಯ ಬಿಸಿಗೆ ಆ ಫೋಮು ಮೆತ್ತಗಾಗಿ ಮೈಗೆ ಹೊಂದಿಕೊಳ್ಳಬೇಕು. ಒಳಗೆ ದಪ್ಪ ಜಾಕೆಟ್ ಇದ್ದರೆ ಬಿಗಿ ಇದ್ದಂತೆ ತೋರುತ್ತದೆ, ಬಿದ್ದಾಗ ಜಾಕೆಟ್ ಕುಗ್ಗಿ ಪ್ರೊಟೆಕ್ಟರ್ ಮೇಲಕ್ಕೆ ಸರಿಯುತ್ತದೆ. ಬಿದ್ದಾಗ ತಾನಾಗಿ ಗಾಳಿ ತುಂಬಿಕೊಳ್ಳುವ ಏರ್ ವೆಸ್ಟ್ ಆದರೆ ಲೆಕ್ಕ ತಿರುಗುಮುರುಗು, ಅದು ಎಲ್ಲಕ್ಕಿಂತ ಹೊರಗೇ ಇರಬೇಕು. ಅದರ ಮೇಲೆ ಜಾಕೆಟ್ ಹಾಕಿ ಜಿಪ್ ಏರಿಸಿದರೆ, ಉಬ್ಬಲು ಜಾಗ ಸಿಗದೆ ಒತ್ತಡವೆಲ್ಲಾ ಪಕ್ಕೆಲುಬಿನ ಮೇಲೆ ಬೀಳುತ್ತದೆ. ಅದನ್ನು ಉಬ್ಬಿಸುವ ಹಗ್ಗ ಜೀನಿಗೆ ಸಿಕ್ಕಿಸಿರುತ್ತದೆ, ಇಳಿಯುವ ಮೊದಲು ಬಿಚ್ಚಿ. ಮಳೆ ಜಾಕೆಟ್ ಕೊಳ್ಳಲು ಹೋಗುವಾಗ ಪ್ರೊಟೆಕ್ಟರ್ ತೊಟ್ಟುಕೊಂಡೇ ಅಳತೆ ನೋಡಿ. ಒಂದು ಅಳತೆ ದೊಡ್ಡದೇ ಬೇಕಾಗುವುದು ಸಾಮಾನ್ಯ.

ಈಗ ಕುರ್ಚಿ ಪರೀಕ್ಷೆ. ಅಂಗಡಿಯ ಕನ್ನಡಿ ಮುಂದೆ ನಿಂತರೆ ಯಾವ ಜಾಕೆಟ್ಟೂ ಚೆನ್ನಾಗಿಯೇ ಕಾಣುತ್ತದೆ. ಒಂದು ಕುರ್ಚಿಯನ್ನು ಹಿಂದುಮುಂದು ತಿರುಗಿಸಿ, ಅದರ ಬೆನ್ನು ನಿಮ್ಮ ಎದೆಗೆ ಬರುವಂತೆ ಕಾಲು ಅಗಲಿಸಿ ಕೂರಿ. ಹಿಂದಿನ ಅಂಚು ನಿಮ್ಮ ಅಡಿಗೆ ಸಿಕ್ಕಿಕೊಂಡಿತೇ? ಹಾಗಾದರೆ ಮುಂದೆ ಬಾಗಿದಾಗಲೆಲ್ಲಾ ಅದು ನಿಮ್ಮ ಭುಜವನ್ನು ಹಿಂದಕ್ಕೆ ಜಗ್ಗುತ್ತದೆ. ಹಿಂದೆ ಎರಡು ಸೀಳು ಅಥವಾ ಜಿಪ್ ಇದ್ದರೆ ತೆರೆದು ನೋಡಿ, ಅಂಚು ಎರಡು ಪಕ್ಕಕ್ಕೆ ಹರಡಿಕೊಳ್ಳಬೇಕು. ಕೈಗಳನ್ನು ಲಗಾಮು ಹಿಡಿದಂತೆ ಮುಂದೆ ತನ್ನಿ, ಮಣಿಕಟ್ಟು ಬರಿದಾಗಬಾರದು. ಜಿಗಿತಕ್ಕೆ ಬಾಗುವ ಹಾಗೆ ಬಾಗಿ, ಸೊಂಟದ ಮೇಲೆ ತಣ್ಣನೆ ಗಾಳಿ ತಾಗಿದರೆ ಬೆನ್ನು ಗಿಡ್ಡವಾಗಿದೆ. ಹೆಲ್ಮೆಟ್ ಹಾಕಿ ತಲೆ ಎತ್ತಿ. ಹಿಂಬದಿ ಕಾಲರಿಗೆ ತಾಗಿ ಹೆಲ್ಮೆಟ್ ಹಣೆಗೆ ಇಳಿದರೆ ಆ ಜಾಕೆಟ್ ಬೇಡ. ಮುಂಭಾಗದ ಜಿಪ್ ಕೆಳಗಿನಿಂದಲೂ ತೆರೆಯುವಂತಿದ್ದರೆ ಕೂತಾಗ ಹೊಟ್ಟೆಯ ಬಳಿ ಉಬ್ಬುವುದಿಲ್ಲ. ಆದರೆ ಇಳಿಯುವ ಮೊದಲು ಅದನ್ನು ಮುಚ್ಚಿ. ಹೊಟ್ಟೆ ಜೀನಿಗೆ ಒತ್ತಿ ಜಾರಿ ಇಳಿಯುವಾಗ ತೆರೆದ ಅಂಚು ಜೀನಿನ ಮುಂದಿನ ಉಬ್ಬಿಗೆ ಸಿಕ್ಕಿ, ಕಾಲು ನೆಲಕ್ಕೆ ಮುಟ್ಟದೆ ತೂಗಾಡಿದವರನ್ನು ನಾನೇ ಎತ್ತಿ ಬಿಡಿಸಿದ್ದೇನೆ. ಅಂಚಿನಲ್ಲಿ ಜೋತಾಡುವ ಎಲಾಸ್ಟಿಕ್ ದಾರವನ್ನು ಒಳಕ್ಕೆ ಸೇರಿಸಿಬಿಡಿ.

ನೀವು ಹೋಗುವುದು ಬೆಳಗಿನ ಜಾವ. ರಸ್ತೆ ದಾಟುವುದಿದ್ದರೆ ಮೇಲೊಂದು ಹೊಳೆಯುವ ತೆಳು ವೆಸ್ಟ್ ಹಾಕಿ. ಕಣ್ಣು ಕುಕ್ಕುವ ಹಳದಿ ಬಟ್ಟೆ ಹಗಲು ಬೆಳಕಿನಲ್ಲಿ ಮಾತ್ರ ಹೊಳೆಯುತ್ತದೆ, ಕತ್ತಲಲ್ಲಿ ಅದೂ ಒಂದೇ ಕಪ್ಪೂ ಒಂದೇ. ಕತ್ತಲಲ್ಲಿ ಕೆಲಸಕ್ಕೆ ಬರುವುದು ವಾಹನದ ಬೆಳಕನ್ನು ಮರಳಿಸುವ ಬೆಳ್ಳಿಪಟ್ಟಿ. ಎರಡೂ ಇರುವುದನ್ನು ಆರಿಸಿ. ಕುದುರೆಯ ಕಾಲಿಗೂ ಪಟ್ಟಿ ಕಟ್ಟಿದರೆ ಅಲುಗಾಡುವ ಬೆಳಕು ಚಾಲಕರ ಕಣ್ಣಿಗೆ ಬೇಗ ಬೀಳುತ್ತದೆ. ಫೋನು ಜೀನಿನ ಚೀಲದಲ್ಲಲ್ಲ, ನಿಮ್ಮ ಜಿಪ್ ಜೇಬಿನಲ್ಲಿರಲಿ. ಬಿದ್ದಾಗ ಕುದುರೆ ಓಡಿಹೋದರೆ ಫೋನೂ ಅದರ ಜೊತೆ ಹೋಗುತ್ತದೆ.

ಕಾಲಕ್ಕೊಂದು ಕೊಳ್ಳಬೇಕೇ ಎಂದಿರಿ. ಬೇಡ. ಒಳ ಅಂಗಿ ಎರಡು, ತೆಳು ಫ್ಲೀಸ್ ಒಂದು, ಸಾಫ್ಟ್‌ಶೆಲ್ ಒಂದು, ಮಳೆ ಜಾಕೆಟ್ ಒಂದು, ಇದೇ ಕ್ರಮದಲ್ಲಿ. ಬೆಚ್ಚಗಿನ ಒಳಪದರ, ಮಳೆ ತಡೆಯುವ ಹೊರಪದರ ಎರಡನ್ನೂ ಜಿಪ್‌ನಿಂದ ಜೋಡಿಸಿರುವ ಒಂದೇ ಜಾಕೆಟ್ ಸಿಗುತ್ತದೆ. ಹಣ ಉಳಿಯುತ್ತದೆ, ಆದರೆ ಎಲ್ಲಾ ಸೇರಿದಾಗ ತೋಳು ದಪ್ಪವಾಗಿ ಬಿರುಸಾಗುತ್ತದೆ. ಕಲಿಯುವ ಹಂತದಲ್ಲಿ ಕೈ ಹಗುರವಿರುವುದು ಮುಖ್ಯ ಎನ್ನುವ ಕಾರಣಕ್ಕೆ ನಾನು ಬಿಡಿಬಿಡಿಯಾಗಿ ಕೊಳ್ಳಿ ಎನ್ನುತ್ತೇನೆ. ಗರಿ ಜಾಕೆಟ್ ಬೇಲಿಯ ಮೇಲಿರಲಿ.

ಈಗಿರುವ ಮಳೆ ಜಾಕೆಟ್ ಕುರ್ಚಿ ಪರೀಕ್ಷೆಯಲ್ಲೂ ಹನಿ ಪರೀಕ್ಷೆಯಲ್ಲೂ ಗೆದ್ದರೆ ಹೊಸದು ಬೇಕಿಲ್ಲ, ಕುದುರೆಗೆ ಪರಿಚಯ ಮಾಡಿಸಿ. ಮಳೆ ಇಲ್ಲದ ದಿನ, ಬೇಲಿ ಹಾಕಿದ ಅಂಗಳದಲ್ಲಿ, ನೆಲದ ಮೇಲೆ ನಿಂತು ಜಾಕೆಟ್ಟನ್ನು ಉಂಡೆ ಮಾಡಿ ಹಿಡಿಯಿರಿ. ಅದೇ ಬಂದು ಮೂಸಲಿ, ಮುಖಕ್ಕೆ ಹಿಡಿಯಬೇಡಿ. ಮೂಸಿದ ಮೇಲೆ ಭುಜಕ್ಕೆ ಮೆಲ್ಲಗೆ ಉಜ್ಜಿ, ತಲೆ ಎತ್ತಿ ಬಿಗಿಯಾದರೆ ಅಲ್ಲೇ ನಿಲ್ಲಿಸಿ, ಬಿಗಿ ಸಡಿಲವಾದ ಕ್ಷಣ ಜಾಕೆಟ್ ಹಿಂದಕ್ಕೆ ತೆಗೆಯಿರಿ. ಭುಜ, ಬೆನ್ನು, ಪೃಷ್ಠ, ಎರಡೂ ಪಕ್ಕ, ಹೀಗೆ. ಆಮೇಲೆ ಸ್ವಲ್ಪ ಸ್ವಲ್ಪ ಬಿಡಿಸಿ ಸದ್ದು ಮಾಡಿ. ಮರುದಿನ ತೊಟ್ಟುಕೊಂಡು ಅದರ ಪಕ್ಕ ನಡೆಯಿರಿ, ಕೈ ಬೀಸಿ, ಜಿಪ್ ಎಳೆಯಿರಿ. ಮೂರನೆಯ ದಿನವೋ ಐದನೆಯ ದಿನವೋ, ಯಾರಾದರೂ ಹಗ್ಗ ಹಿಡಿದಿರುವಾಗ ತೊಟ್ಟುಕೊಂಡೇ ಹತ್ತಿ, ನಡಿಗೆಯಲ್ಲಿ ಎರಡು ಸುತ್ತು ಹಾಕಿ. ಅದು ಕತ್ತು ಇಳಿಸಿ, ಬಾಯಿ ಚಪ್ಪರಿಸಿ, ಕಿವಿಯನ್ನು ಎರಡು ಪಕ್ಕಕ್ಕೆ ಸಡಿಲ ಬಿಟ್ಟರೆ ಅಂದಿಗೆ ಅಷ್ಟೇ ಸಾಕು. ಇಳಿದು, ನೆಲದ ಮೇಲೆ ನಿಂತು ಜಾಕೆಟ್ ಬಿಚ್ಚಿ ಬೇಲಿಗೆ ಹಾಕಿ, ಉಳಿದ ಸವಾರಿ ಎಂದಿನಂತೆ ಮಾಡಿ.